ದೇವಿಕೊಪ್ಪದ ಹದಿನೇಳನೇ ಗಿಡ

ಬೆಳಗಿನ ಏಳರ ಬಸ್ಸಿಗೆ ಧಾರವಾಡದಿಂದ ಕಲಘಟಗಿಗೆ ಹೊರಟೆ. ಹೆಂಗಸರಿಗೆ ಕೊಡುವ ಶೂನ್ಯ ಟಿಕೆಟ್ಟನ್ನು ಮಡಚಿ, ಬಟರ್ ಪೇಪರ್ ಚೀಲಗಳ ಜೊತೆ ಬ್ಯಾಗಿನಲ್ಲಿಟ್ಟೆ. ದೇವಿಕೊಪ್ಪದ ಒಂದು ತಂಬಾಕಿನ ಗಿಡದ ಹೂವಿಗೆ ಆ ಚೀಲ ಕಟ್ಟಿ ಬರುವುದಷ್ಟೇ ನನ್ನ ಕೆಲಸ.

ಎಲೆ ಮುರುಟು ರೋಗ ತಡೆಯುವ ತಳಿಗಾಗಿ ನಮ್ಮ ಸಂಶೋಧನಾ ಕೇಂದ್ರದಿಂದ ಅಲ್ಲಿನ ರೈತರೊಬ್ಬರ ಹೊಲದಲ್ಲಿ ಅರವತ್ತು ಗಿಡ ನೆಟ್ಟಿದ್ದೆವು. ಎಲ್ಲದರ ಎಲೆ ತಂದು ಲ್ಯಾಬಿನಲ್ಲಿ ಡಿಎನ್‌ಎ ನೋಡಿದಾಗ, ಬೇಕಾದ ಗುಣ ಸಿಕ್ಕಿದ್ದು ಹದಿನೇಳನೇ ಗಿಡದಲ್ಲಿ ಮಾತ್ರ. ಬೇರೆ ಗಿಡದ ಪರಾಗ ಸೋಕದಂತೆ ಚೀಲ ಕಟ್ಟಿ ಅದರ ಬೀಜ ಹಿಡಿಯಬೇಕು. ತಪ್ಪಿದರೆ ಒಂದು ವರ್ಷ ಹಾಳು.

ಕಲಘಟಗಿಯಲ್ಲಿ ಮಿರ್ಚಿ ಭಜಿ ತಿಂದು, ಚಹಾ ಕುಡಿದು, ಇಪ್ಪತ್ತು ರೂಪಾಯಿಗೆ ದೇವಿಕೊಪ್ಪದ ಟಂಟಂ ಆಟೋ ಹತ್ತಿದೆ. ಮಳೆ ನಿಂತು ನಾಲ್ಕು ದಿನವಾಗಿತ್ತು, ಬಿಸಿಲು ಹಿತವಾಗಿತ್ತು. ಹೊಲದ ಒಡತಿ ಗಂಗವ್ವ ಬದುವಿನ ಮೇಲೆ ಕಾಯುತ್ತಿದ್ದರು.

"ಬರ್ರಿ ಬಾಯಾರ. ಹೆಂಗ ಇಟ್ಟೀನಿ ನೋಡ್ರಿ."

ನೋಡಿದೆ. ಎಲೆ ದಪ್ಪಗಾಗಲೆಂದು ಮೊಗ್ಗು ಕಂಡೊಡನೆ ತುದಿ ಚಿವುಟುವುದು ತಂಬಾಕು ಬೆಳೆಯುವವರ ರೂಢಿ. ಅರವತ್ತೂ ಗಿಡಗಳ ತುದಿ ಹೋಗಿತ್ತು, ಹದಿನೇಳರದೂ.

"ಯಾಕ ಚಿವುಟಿದ್ರಿ?"

"ನಿಮ್ಮ ಬೆಳಿ ಹಂಗ ನೋಡ್ಕೋರಿ ಅಂತ ನೀವ ಹೇಳಿದ್ರಲ್ರಿ."

ಹೇಳಿದ್ದು ನಿಜ. ಬೀಜದ ಮಾತು ಹೇಳಲು ಮರೆತವಳು ನಾನೇ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂದು ಬದುವಿನ ಮೇಲೆ ಕೂತು, ಎಲ್ಲ ತಿಳಿಸಿದೆ.

ಗಂಗವ್ವ ನಕ್ಕು, ಹದಿನೇಳರ ಎಲೆಯೊಂದನ್ನು ಸರಿಸಿದರು. ಎಲೆಯ ಕಂಕುಳಲ್ಲಿ ಬೆರಳುದ್ದದ ಎಳೆ ಕುಡಿ. "ಇಂಥಾವು ಎಲಿ ರಸ ತಿಂತಾವಂತ ಇವತ್ತ ಮುರಿಯಾಕ ಆಳು ಕರದೀನ್ರಿ. ಬಿಟ್ರ ಇದೂ ಹೂ ಬಿಡತೈತಿ."

ಅದೇ ಗಿಡದ ಕುಡಿ, ಅದೇ ಗುಣ. ಇದನ್ನು ನಾನು ಓದಿ ಪಾಸಾಗಿದ್ದೆ, ಗಾಬರಿಯಲ್ಲಿ ಹೊಳೆಯಲಿಲ್ಲ. ನನಗೂ ನಗು ಬಂತು. ಅವರು ಕೊಟ್ಟ ರೊಟ್ಟಿ, ಶೇಂಗಾ ಚಟ್ನಿ ತಿಂದು, ಕುಡಿ ಮೊಗ್ಗು ಬಿಟ್ಟಾಗ ಅವರೇ ಕಟ್ಟಲೆಂದು ಚೀಲ ಕಟ್ಟುವುದನ್ನು ಕಲಿಸಿದೆ. ಒಂದೇ ಸಲಕ್ಕೆ ಕಲಿತರು. ಆದರೆ ಮಾತಾಡುತ್ತಲೇ ಅವರ ಬೆರಳು ಆ ಕುಡಿಯನ್ನು ಚಿವುಟಲು ಹೋಯಿತು. ಇಬ್ಬರೂ ಒಟ್ಟಿಗೇ ನೋಡಿದೆವು. ಗಂಗವ್ವ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡರು.

"ನಲವತ್ತ ವರ್ಷದ ಚಟ ರೀ," ಎಂದರು.

ಮಧ್ಯಾಹ್ನ ಟಂಟಂ ಹತ್ತಿ ತಿರುಗಿ ನೋಡಿದೆ. ಕುಡಿ ಮುರಿಯಲು ಆಳುಗಳು ಸಾಲಿಗಿಳಿದಿದ್ದರು. ಹದಿನೇಳಕ್ಕೆ ಬೆನ್ನು ಕೊಟ್ಟು, ಕೈ ಇನ್ನೂ ಸೆರಗಿನೊಳಗೇ ಇಟ್ಟುಕೊಂಡು, ಗಂಗವ್ವ ಕಾವಲು ನಿಂತಿದ್ದರು.