ಸೋತವರನ್ನು ಗೆದ್ದವರ ಹತ್ತಿರ ಅಟ್ಟುತ್ತಿದ್ದ ಹಾಲಮ್ಮ ಮೇಡಂ

ಸೋತ ತಂಡ ತಲೆ ತಗ್ಗಿಸಿಕೊಂಡು ಸುಮ್ಮನೆ ಬಸ್‌ಸ್ಟ್ಯಾಂಡಿನ ದಾರಿ ಹಿಡಿಯುತ್ತದೆ. ನಮ್ಮ ನ್ಯಾಮತಿ ಕಾಲೇಜಿನ ಹುಡುಗಿಯರ ಬೇಸ್‌ಬಾಲ್ ತಂಡಕ್ಕೆ ಆ ಸುಖವೂ ಇರಲಿಲ್ಲ. ಪಂದ್ಯ ಮುಗಿದ ಕೂಡಲೇ ಹಾಲಮ್ಮ ಮೇಡಂ ನಮ್ಮನ್ನು ಗೆದ್ದವರ ಹತ್ತಿರ ಅಟ್ಟುತ್ತಿದ್ದರು. "ಹೋಗ್ರೇ, ನಮ್ಮಲ್ಲಿ ಏನ್ ತಪ್ಪು ಕಂಡ್ತು ಅಂತ ಕೇಳ್ಕಂಡ್ ಬರ್ರಿ. ಸೋಲಿಸಿದೋರಿಗೆ ಗೊತ್ತಿರ್ತೈತೆ, ನನಗೇನ್ ಗೊತ್ತು?" ಅವಮಾನಕ್ಕೆ ಕಿವಿ ಬಿಸಿಯಾಗುತ್ತಿತ್ತು. ಆದರೂ ಹೋಗುತ್ತಿದ್ದೆವು.

ಹಾಲಮ್ಮ ನಮ್ಮ ಆಟದ ಮೇಡಂ. ಗಿಡ್ಡ ಆಳು, ಚೂಡಿದಾರದ ಮೇಲೊಂದು ಬಿಳಿ ಟೋಪಿ, ಊರಿಗೇ ಕೇಳಿಸುವ ಗಂಟಲು. ನಮ್ಮನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ, ಊರಿನ ಹೆಸರೇ ಕೂಗುತ್ತಿದ್ದರು. ನಾನು ಗೋವಿನಕೋವಿ. ನಮ್ಮಲ್ಲಿ ಎಲ್ಲರಿಗಿಂತ ಜೋರಾಗಿ ಓಡುತ್ತಿದ್ದ ಸವಿತಾ ಸೂರಗೊಂಡನಕೊಪ್ಪದವಳು. ಅಷ್ಟುದ್ದದ ಊರನ್ನು ಕೂಗಿ ಮುಗಿಸುವಷ್ಟರಲ್ಲಿ ಚೆಂಡು ಅವಳನ್ನು ದಾಟಿ ಹೋಗಿರುತ್ತಿತ್ತು. ಮೇಡಂ ಅವಳನ್ನೇ ಬೈಯುತ್ತಿದ್ದರು.

ಆ ವರ್ಷ ಪ್ರಿನ್ಸಿಪಾಲರು ಖಡಾಖಂಡಿತವಾಗಿ ಹೇಳಿದ್ದರು: "ಈ ಸಲ ಒಂದು ಮ್ಯಾಚಾದ್ರೂ ಗೆಲ್ರಿ ಮೇಡಂ. ಇಲ್ಲಾಂದ್ರೆ ಮುಂದಿನ ವರ್ಷದಿಂದ ಹುಡುಗೀರ ಟೀಮ್ ಬೇಡ." ತಂಡ ಹೋದರೆ ನಮಗೆ ಮೈದಾನವೂ ಹೋದ ಹಾಗೆ. ಕ್ಲಾಸು ಮುಗಿಯಿತೋ, ಸೀದಾ ಮನೆ, ಪಾತ್ರೆ, ದನ. ಮೇಡಂಗೆ ಇದು ನಮಗಿಂತ ಚೆನ್ನಾಗಿ ಗೊತ್ತಿತ್ತು.

ನಾವು ಅಣ್ಣತಮ್ಮಂದಿರ ಜೊತೆ ಗದ್ದೆ ಬಯಲಲ್ಲಿ ಕ್ರಿಕೆಟ್ ಆಡಿ ಬಂದವರು. ಹೊಡೆದ ಮೇಲೆ ಬ್ಯಾಟು ಹಿಡಿದುಕೊಂಡೇ ಓಡಿ, ಕಾಲಿನಿಂದ ಮುಟ್ಟಬೇಕಾದ ಬೇಸ್ ಹತ್ತಿರ ಬಂದಾಗ ಬ್ಯಾಟು ಚಾಚಿ ನೆಲಕ್ಕೆ ಮುಟ್ಟಿಸುತ್ತಿದ್ದೆವು. ಮೇಡಂ ಎಷ್ಟು ಬಾಯಿ ಬಡಿದುಕೊಂಡರೂ ಕೈ ಕೇಳುತ್ತಿರಲಿಲ್ಲ. ಜಗಳೂರಿನವರು ನಮ್ಮನ್ನು ಹಿಗ್ಗಾಮುಗ್ಗಾ ಸೋಲಿಸಿದ ದಿನ ಕೇಳಲು ಹೋದರೆ ಅವರ ಕ್ಯಾಪ್ಟನ್ ಹೊಟ್ಟೆ ಹಿಡಿದು ನಕ್ಕಳು. "ಬ್ಯಾಟ್ ಬಿಸಾಕ್ರೇ! ಅದನ್ಯಾಕ್ ಊರಿಗೆ ಒಯ್ಯೋರ್ ಥರ ಹಿಡ್ಕಂಡ್ ಓಡ್ತೀರ?" ಮೇಡಂ ಹೇಳಿ ಹೇಳಿ ಆಗದಿದ್ದದ್ದು ಆ ನಗುವಿನಿಂದ ಆಯಿತು. ಹೊನ್ನಾಳಿಯವರು ಇನ್ನೊಂದು ಹೇಳಿದರು. ಚೆಂಡು ಹತ್ತಿರವೇ ಬಿದ್ದರೆ ನಾವು ರನ್ನಿಲ್ಲ ಅಂದುಕೊಂಡು ನಿಂತುಬಿಡುತ್ತೇವಂತೆ. ಈ ಆಟದಲ್ಲಿ ಚೆಂಡು ಎಷ್ಟೇ ಹತ್ತಿರ ಬೀಳಲಿ, ಓಡಲೇಬೇಕು. ಹೀಗೆ ಸೋತಲ್ಲೆಲ್ಲ ಒಂದೊಂದು ಕಲಿತೆವು. ಸೋಲಿನ ಅಂತರ ಮೆಲ್ಲಗೆ ಕಡಿಮೆಯಾಗುತ್ತ ಬಂತು.

ಕೊನೆಗೆ ಉಳಿದದ್ದು ಚನ್ನಗಿರಿಯ ಪಂದ್ಯ ಒಂದೇ. ಅದಕ್ಕೆ ವಾರವಿದ್ದಾಗ ಮೇಡಂ ಅವರ ಸಾಕ್ಸಿನಲ್ಲಿ ರಕ್ತ ಕಂಡಿತು. ಹೊಸ ಶೂ ಬಲಗಾಲಿನ ಹೆಬ್ಬೆರಳನ್ನು ಕಚ್ಚಿ ಹುಣ್ಣು ಮಾಡಿತ್ತು. ಅವರಿಗೆ ತಿಳಿದೇ ಇರಲಿಲ್ಲ.

"ನೋಯಲ್ವಾ ಮೇಡಂ?" ಎಂದೆ.

"ಸಕ್ಕರೆ ಕಾಯಿಲೆ ಕಾಲು ಕಣೇ ಇದು. ಚಪ್ಪಲಿ ಕಳಚಿ ಬಿದ್ರೂ ಗೊತ್ತಾಗಲ್ಲ. ಚನ್ನಗಿರಿ ಮುಗೀಲಿ, ಡಾಕ್ಟ್ರಿಗೆ ತೋರಿಸ್ತೀನಿ. ಈಗ ತೋರಿಸಾಕೆ ಹೋದ್ರೆ ಮಲಗ್ಸಿಬಿಡ್ತಾರೆ. ನಿಮ್ಮನ್ನ ಯಾರ್ ಕರ್ಕಂಡ್ ಹೋಗ್ತಾರೆ?"

ಚನ್ನಗಿರಿಯಲ್ಲಿ ಕೊನೆಯ ಸರದಿಗೆ ಎರಡೂ ಕಡೆಯ ರನ್ನು ಸಮ. ಸವಿತಾ ಮೂರನೇ ಬೇಸಿನಲ್ಲಿ ನಿಂತಿದ್ದಳು. ನಾನು ಹೊಡೆದ ಚೆಂಡು ನಾಚಿಕೆಗೇಡಿನ ಹಾಗೆ ಎಸೆಯುವವಳ ಕಾಲ ಬುಡಕ್ಕೇ ಉರುಳಿತು. ಮೊದಲಾಗಿದ್ದರೆ ನಿಂತುಬಿಡುತ್ತಿದ್ದೆ. ಬ್ಯಾಟು ಬಿಸಾಡಿ ಓಡಿದೆ. ಅವಳು ಗಾಬರಿಯಾಗಿ ಚೆಂಡನ್ನು ಎತ್ತಲೋ ಎಸೆದಳು, ಸವಿತಾ ಓಡಿ ಬಂದು ಹೋಮ್ ಬೇಸ್ ಮುಟ್ಟಿದಳು. ಗೆದ್ದೆವು. ಮೇಡಂ ಕುಂಟುತ್ತಲೇ ಮೈದಾನದೊಳಗೆ ಬಂದು, ಬೈಯಲು ಏನೂ ಸಿಗದೆ, ಟೋಪಿ ತೆಗೆದು ಮುಖ ಒರೆಸಿಕೊಂಡರು. ಅಷ್ಟು ಹೊತ್ತಿಗೆ ಶೂವಿನಿಂದ ಕೊಳೆತ ವಾಸನೆ ಬರುತ್ತಿತ್ತು.

ತಂಡ ಉಳಿಯಿತು. ಈಗಲೂ ಇದೆ, ಬೇರೆ ಯಾರೋ ಮೇಡಂ ನೋಡಿಕೊಳ್ಳುತ್ತಾರಂತೆ. ಹಾಲಮ್ಮ ಮೇಡಂ ಅದನ್ನು ನೋಡಲು ಉಳಿಯಲಿಲ್ಲ. ಕಾಲಿನ ನಂಜು ಮೈಗೆಲ್ಲ ಏರಿತು. ಅವರು ಹೋದ ಸುದ್ದಿ ಬಂದಾಗ ನಾನು ಅಂಗಳದಲ್ಲಿ ಮೆಕ್ಕೆಜೋಳ ಹರವುತ್ತಿದ್ದೆ. ಹರವಿ ಮುಗಿಸಿ, ಕೈ ತೊಳೆದು ಒಳಗೆ ಹೋದೆ. ಅಳು ಬರಲಿಲ್ಲ. ಬರಬಹುದೆಂದು ಕಾದೆ, ಬರಲಿಲ್ಲ. ಅವ್ವ "ಕಲ್ಲು ಮನಸ್ಸು ನಿಂದು" ಎಂದಳು. ಇರಬಹುದು. ಆ ದಿನದಿಂದ ಒಳಗೆ ಏನೋ ಜೋಮು ಹಿಡಿದದ್ದು ಇನ್ನೂ ಬಿಟ್ಟಿಲ್ಲ.

ಕೊನೆಯ ಸಲ ಅವರನ್ನು ನೋಡಿದ್ದು ದಾವಣಗೆರೆಯ ಆಸ್ಪತ್ರೆಯಲ್ಲಿ. ಬಲಗಾಲನ್ನು ಮಂಡಿಯ ಕೆಳಗೆ ತೆಗೆದಿದ್ದರು. ಮಂಚದ ತುದಿಯಲ್ಲಿ ಕೂತೆ. ಅವರು ಎಂದೂ ಇಲ್ಲದ ಸಣ್ಣ ದನಿಯಲ್ಲಿ ಹೇಳಿದರು:

"ಬಲಗಾಲಿನ ಹೆಬ್ಬೆರಳು ಬಾಳ ನೋಯ್ತೈತೆ ಕಣೇ. ಯಾರಿಗೆ ಹೇಳಿದ್ರೂ ನಗ್ತಾರೆ. ಚೂರು ಒತ್ತೇ."

ಬೆರಳು ಇರಬೇಕಾಗಿದ್ದ ಜಾಗದಲ್ಲಿ ಹಾಸಿಗೆಯನ್ನು ಒತ್ತಿದೆ.

"ಹಾಂ, ಅಲ್ಲೇ" ಎಂದು ಕಣ್ಣು ಮುಚ್ಚಿದರು.