ಶುಂಠಿ ಹೊಲ ಮತ್ತು ಎರಡು ದ್ವೀಪಗಳು

ಆ ದಿನವೂ ಐದೂವರೆಗೇ ಎದ್ದು ಬಾಗಿಲಿಗೆ ನೀರು ಹಾಕಿದೆ. ರಂಗೋಲಿ ಇಡುವಾಗ ಒಂದು ಚುಕ್ಕಿ ಹೆಚ್ಚಾಯಿತು. ಒರೆಸಲು ಮನಸ್ಸು ಬರಲಿಲ್ಲ, ಅದಕ್ಕೂ ಒಂದು ಎಸಳು ಎಳೆದೆ. ಹಾಲು ಕಾಯಿಸಿ, ಅವರೆಕಾಳಿನ ಉಪ್ಪಿಟ್ಟು ಕೆದಕುತ್ತಲೇ ತುಟಿಯಲ್ಲಿ ಪಾಠ ಒಪ್ಪಿಸುತ್ತಿದ್ದೆ. ಹನ್ನೊಂದು ಗಂಟೆಗೆ ಹಾಸನದಲ್ಲಿ ನನ್ನ ಸೆಮಿನಾರ್.

ಮದುವೆಯಾದ ವರ್ಷ ಬಿಟ್ಟ ಎಂ.ಎ.ಯನ್ನು ಇಪ್ಪತ್ತೆರಡು ವರ್ಷದ ಮೇಲೆ ದೂರಶಿಕ್ಷಣದಲ್ಲಿ ಮತ್ತೆ ಹಿಡಿದಿದ್ದೆ. ಸೆಮಿನಾರಿನ ಬರಹ ಒಪ್ಪಿಗೆಯಾಗದಿದ್ದರೆ ಆ ಸಲ ಪರೀಕ್ಷೆಗೆ ಕೂರಿಸುವುದಿಲ್ಲ, ಇನ್ನೊಂದು ವರ್ಷ ಕಾಯಬೇಕು. ಇನ್ನೊಂದು ವರ್ಷ ಈ ಧೈರ್ಯ ನನ್ನಲ್ಲಿ ಉಳಿದಿರುತ್ತದೆ ಎಂಬ ನಂಬಿಕೆ ನನಗೇ ಇರಲಿಲ್ಲ.

ನನ್ನ ವಿಷಯ ಸಣ್ಣ ದ್ವೀಪ ರಾಷ್ಟ್ರಗಳ ತಲಾ ಆದಾಯ. ಮಾಲ್ಡೀವ್ಸ್ ಮತ್ತು ಪೆಸಿಫಿಕ್ ಸಾಗರದ ಕಿರಿಬಾಟಿಯನ್ನು ಹೋಲಿಸಲು ಆರಿಸಿಕೊಂಡಿದ್ದೆ. ಕಾನ್ವೆಂಟಿನಲ್ಲಿದ್ದಾಗ ಅಟ್ಲಾಸಿನಲ್ಲಿ ಸಾಗರಗಳ ಪುಟ ತೆರೆದರೆ ನೀಲಿ ಸೀರೆಯ ಮೇಲೆ ಯಾರೋ ಸಾಸಿವೆ ಚೆಲ್ಲಿದ ಹಾಗಿರುತ್ತಿತ್ತು. ಅಷ್ಟು ಸಣ್ಣ ಚುಕ್ಕಿಗಳಲ್ಲೂ ಜನ ಅಡುಗೆ ಮಾಡಿಕೊಂಡು, ಬಟ್ಟೆ ಒಣಹಾಕಿಕೊಂಡು ಇರುತ್ತಾರಲ್ಲ ಎಂದು ಆಗಿನಿಂದಲೂ ನನಗೊಂದು ಕುತೂಹಲ.

ಯಜಮಾನರು ಉಪ್ಪಿಟ್ಟು ತಿನ್ನುತ್ತಾ ನನ್ನ ಚಾರ್ಟ್ ನೋಡಿದರು. "ಹೇಮಾವತಿ ಸೇತುವೆ ಮೇಲೆ ಬಸ್ಸು ನಿಧಾನ ಆದ್ರೆ ಕಣ್ಣು ಮುಚ್ಕೋತೀಯ. ನೀನು ಸಮುದ್ರದ ಮಧ್ಯೆ ಇರೋರ ಆದಾಯ ನೋಡೋಕ್ ಹೊರಟಿದ್ದೀಯ," ಎಂದರು. ಆಮೇಲೆ ಚಾರ್ಟನ್ನು ಸುಕ್ಕಾಗದಂತೆ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿಕೊಟ್ಟವರೂ ಅವರೇ.

ಬಾಗಿಲಿಗೆ ಬೀಗ ಹಾಕುವಾಗ ಪಕ್ಕದ ಮನೆಯ ಅಕ್ಕ ಬಂದರು. ಅರಕಲಗೂಡು ರಸ್ತೆಯಲ್ಲಿ ಅವರದು ಒಂದೊಂದು ಎಕರೆಯ ಎರಡು ಹೊಲ. ಸೆರಗಿನಲ್ಲಿ ಮಣ್ಣು ಮೆತ್ತಿದ ಹಸಿಶುಂಠಿ ಇತ್ತು.

"ನಿಮ್ಮ ಹೊಲದ್ದಾ ಅಕ್ಕ?" ಎಂದೆ.

"ಒಲ ನಮ್ದು, ಸುಂಠಿ ನಮ್ದಲ್ಲ ಕಣಮ್ಮ. ಗುತ್ತಿಗೆಗೆ ಕೊಟ್ಟಿಲ್ವಾ? ನೆನ್ನೆ ಕೀಳ್ತಾವ್ರೆ ಅಂತ ಓಗಿ, ಒಂದಿಡಿ ಕೇಳಿ ಈಸ್ಕೊಂಬಂದೆ. ನಮ್ಮೊಲದಾಗೆ ನಾವೇ ಸೆರಗೊಡ್ಡಿ ನಿಂತ್ಕಳಾದು ನೋಡು," ಎಂದು ನಕ್ಕು, ನಾಲ್ಕು ತುಂಡನ್ನು ನನ್ನ ಬ್ಯಾಗಿಗೇ ಹಾಕಿಬಿಟ್ಟರು.

ನಮ್ಮ ಕಡೆ ಇದು ಹೊಸದೇನಲ್ಲ. ಹೊರಗಿನಿಂದ ಬಂದವರು ಒಂದು ಬೆಳೆಗೆ ಹೊಲ ಹಿಡಿಯುತ್ತಾರೆ, ಗುತ್ತಿಗೆ ದುಡ್ಡು ಕೊಟ್ಟು ಶುಂಠಿ ಹಾಕುತ್ತಾರೆ, ಕಿತ್ತ ಮೇಲೆ ಬೇರೆ ಹೊಲ ಹುಡುಕಿಕೊಂಡು ಹೋಗುತ್ತಾರೆ. ನಾನು ಇದನ್ನು ವರ್ಷಗಟ್ಟಲೆ ಬಸ್ಸಿನ ಕಿಟಕಿಯಿಂದ ನೋಡಿದ್ದೆ. ಆ ದಿನವೂ ಮೊಸಳೆ ಎಂಬ ಊರನ್ನು ದಾಟುವಾಗ ನೋಡಿದೆ, ಮೂಟೆ ಹೊಲಿಯುತ್ತಿದ್ದರು. ನೋಡಿ ಮತ್ತೆ ಪಾಠ ಒಪ್ಪಿಸಿಕೊಳ್ಳತೊಡಗಿದೆ.

ಸರದಿ ಬಂದಾಗ ಕಾನ್ವೆಂಟಿನಲ್ಲಿ ಕಲಿಸಿದ ಹಾಗೆ ಕೈ ಹಿಂದೆ ಕಟ್ಟಿ ನೆಟ್ಟಗೆ ನಿಂತೆ. ಮಾಲ್ಡೀವ್ಸಿನ ತಲಾ ಆದಾಯ ಎಷ್ಟು ಮೇಲಿದೆ, ಕಿರಿಬಾಟಿಯದು ಎಷ್ಟು ಕೆಳಗಿದೆ ಎಂದು ಬಣ್ಣದ ಗೆರೆ ತೋರಿಸಿ ಹೇಳಿದೆ. ಧ್ವನಿ ನಡುಗಲಿಲ್ಲ. ಮುಗಿದ ಮೇಲೆ ಪಾಠ ಮಾಡುವ ಮೇಡಂ ಕನ್ನಡಕ ತೆಗೆದು ಕೇಳಿದರು, "ಗೆರೆ ಚೆನ್ನಾಗಿದೆ. ಆದ್ರೆ ಇದು ಆ ನೆಲದಲ್ಲಿ ಹುಟ್ಟಿದ ಒಟ್ಟು ಉತ್ಪನ್ನನಾ, ಅಲ್ಲಿನ ಜನರಿಗೆ ಸೇರಿದ ಆದಾಯನಾ?"

ಪುಸ್ತಕದಲ್ಲಿ ಉತ್ಪನ್ನದ್ದೊಂದು, ಆದಾಯದ್ದೊಂದು ಎಂದು ಎರಡು ಸಾಲು ಅಂಕಿಗಳಿದ್ದವು. ನಾನು ಮೊದಲಿನದನ್ನು ಬರೆದುಕೊಂಡು, ತಲೆಬರಹ ಮಾತ್ರ ಎರಡನೆಯದರದು ಹಾಕಿದ್ದೆ. ಕರವಸ್ತ್ರಕ್ಕೆಂದು ಬ್ಯಾಗಿಗೆ ಕೈ ಹಾಕಿದರೆ ಬೆರಳಿಗೆ ಮಣ್ಣು ತಾಗಿತು.

"ತಪ್ಪಾಗಿದೆ ಮೇಡಂ," ಎಂದೆ. "ನಮ್ಮ ಪಕ್ಕದ ಮನೆಯವರ ಹೊಲದಲ್ಲಿ ಬೇರೆಯವರು ಬೆಳೆದ ಶುಂಠಿನೆಲ್ಲ ಪಕ್ಕದ ಮನೆಯವರ ಆದಾಯ ಅಂತ ಬರೆದುಬಿಟ್ಟಿದ್ದೀನಿ."

ಹಿಂದಿನ ಬೆಂಚಿನಲ್ಲಿ ಚನ್ನರಾಯಪಟ್ಟಣದಿಂದ ಬರುವ ಶಾಲಾ ಮೇಷ್ಟ್ರೊಬ್ಬರು ಜೋರಾಗಿ ನಕ್ಕರು. "ಹೊಲಾನ ಶುಂಠಿಗೆ ಕೊಟ್ಟೋನು ನಾನೂ ಇದ್ದೀನಿ. ಸರಿಯಾಗೇ ಹೇಳಿದ್ರು ಬಿಡಿ ಮೇಡಂ."

ಮೇಡಂ ಕೂಡ ನಕ್ಕರು. ಮಾಲ್ಡೀವ್ಸಿನ ಹೋಟೆಲುಗಳಲ್ಲಿ ಹುಟ್ಟುವ ಲಾಭದಲ್ಲಿ ಒಂದು ಪಾಲು ಹೊರದೇಶದ ಮಾಲೀಕರಿಗೆ ಹೋಗುತ್ತದೆ. ಕಿರಿಬಾಟಿಯ ನೆಲದಲ್ಲಿ ಹುಟ್ಟುವುದು ಕಡಿಮೆ, ಆದರೆ ಅವರ ಕಡಲಿನಲ್ಲಿ ಮೀನು ಹಿಡಿಯಲು ಬರುವ ಹಡಗುಗಳು ಅವರಿಗೆ ಹಣ ಕಟ್ಟುತ್ತವೆ. ಇಷ್ಟನ್ನು ನನ್ನ ಬಾಯಿಂದಲೇ ಹೇಳಿಸಿ, ಸಹಿ ಮಾತ್ರ ಹಾಕಲಿಲ್ಲ. "ತಿದ್ದಿ ನಾಳೆ ತನ್ನಿ. ಕೊನೆ ಪ್ಯಾರಾನೇ ಬರೆದಿಲ್ಲ ನೀವು. ಇದರಿಂದ ನಿಮಗೇನು ಅನ್ನಿಸ್ತು ಅಂತ ನಿಮ್ಮ ಮಾತಲ್ಲಿ ಬರೀರಿ. ಪುಸ್ತಕದ ಮಾತು ಬೇಡ."

ಸಂಜೆ ನಮ್ಮ ಮೆಟ್ಟಿಲ ಮೇಲೆ ಕೂತು ಹೊಸ ಚಾರ್ಟ್ ಬರೆದೆ. ಈಗಲೂ ಮಾಲ್ಡೀವ್ಸೇ ಮೇಲೆ, ಆದರೆ ಎರಡು ಗೆರೆಗಳ ನಡುವಿನ ದೂರ ಕಡಿಮೆಯಾಗಿತ್ತು. ಕೆಳಗೆ ಕೊನೆಯ ಪ್ಯಾರಾಗೆ ಬಿಟ್ಟ ಜಾಗ ಹಾಗೇ ಬೆಳ್ಳಗಿತ್ತು. ನನ್ನ ಮಾತು ಎಂದರೆ ಯಾವುದು? ಎರಡು ಸಲ ಬರೆದು ಎರಡು ಸಲವೂ ಹೊಡೆದುಹಾಕಿದೆ.

ಅಕ್ಕ ಮೊರದಲ್ಲಿ ಅವರೆಕಾಯಿ ತಂದು ಪಕ್ಕದಲ್ಲಿ ಕೂತರು. "ಪಾಸಾದ್ಯಾ?"

"ನಾಳೆ ಗೊತ್ತಾಗುತ್ತೆ ಅಕ್ಕ," ಎಂದು ಎರಡು ದ್ವೀಪಗಳ ಕಥೆ ಹೇಳಿದೆ. ಹೊರಗಿನ ಹಡಗುಗಳು ಕಿರಿಬಾಟಿಯವರ ಕಡಲಿಗೆ ಬಂದು, ದುಡ್ಡು ಕಟ್ಟಿ ಮೀನು ಹಿಡಿದುಕೊಂಡು ಹೋಗುತ್ತವೆ, ಆ ದುಡ್ಡಿನಿಂದಲೇ ಅವರ ಗೆರೆ ಮೇಲೆ ಬಂತು ಎಂದೆ.

ಅಕ್ಕ ಒಂದು ಕಾಯಿ ಸುಲಿದು, ಹುಳ ಹಿಡಿದ ಕಾಳನ್ನು ಬೀದಿಗೆ ಎಸೆದರು. ಹೋದ ಸಲ ಶುಂಠಿ ಕಿತ್ತ ಇನ್ನೊಂದು ಹೊಲದಲ್ಲಿ ನೆಲದ ಸಾರವೇ ಹೋಗಿ, ಆಮೇಲೆ ಅವರು ಹಾಕಿದ ರಾಗಿ ತೆನೆ ಕಟ್ಟಿರಲಿಲ್ಲ.

"ಅಂಗಾರೆ ಅವ್ರೂ ಸಮುದ್ರನ ಸುಂಠಿಗೆ ಕೊಟ್ಟವ್ರೆ ಅನ್ನು," ಎಂದರು, ಮೊರದಿಂದ ಕಣ್ಣೆತ್ತದೆ. "ದುಡ್ಡೇನೋ ಬತ್ತದೆ ಕಣಮ್ಮ. ಬಂದೋರು ಬಿಟ್ಟೋದ್ಮೇಲೆ ಮೀನು ಮಿಕ್ಕಿರ್ತವಾ ಅಂತ ಅವ್ರಿಗೆ ನೋಡ್ಕಳಕ್ಕೇಳು."