ಹೊರೆ ಎತ್ತದ ಹೆಂಗಸು

ಅನಿಮೇಶನ್ ಚಿತ್ರಗಳಿಗೆ ಕಂಪ್ಯೂಟರಿನಲ್ಲಿ ಮನುಷ್ಯರನ್ನು ನಡೆಸುವುದು ನನ್ನ ಕೆಲಸ. ಮದ್ದೂರಿನ ಮನೆಯ ಮಹಡಿಯಲ್ಲಿ ಕೂತೇ ಎಷ್ಟೋ ಜನರನ್ನು ಓಡಿಸಿದ್ದೇನೆ, ಕುಣಿಸಿದ್ದೇನೆ. ಆದರೆ ಒಬ್ಬ ಹೆಂಗಸು ನನ್ನ ಪ್ರಾಣ ಹಿಂಡಿಬಿಟ್ಟಳು. ಅವಳು ಬಗ್ಗಿ, ಹುಲ್ಲಿನ ಹೊರೆ ಎತ್ತಿ ತಲೆಯ ಮೇಲಿಟ್ಟುಕೊಂಡು, ಬದುವಿನ ಮೇಲೆ ಹತ್ತು ಹೆಜ್ಜೆ ನಡೆಯಬೇಕಿತ್ತು, ಅಷ್ಟೇ.

ಆ ದೃಶ್ಯವನ್ನು ಎರಡು ಸಲ ಕಳಿಸಿದೆ. ಎರಡು ಸಲವೂ ಬೆಂಗಳೂರಿನ ಮೇಲ್ವಿಚಾರಕ ವಾಪಸ್ ಮಾಡಿದ. "ಏನೋ ಸರಿಯಿಲ್ಲ, ನಿಜ ಅನ್ನಿಸ್ತಿಲ್ಲ." ಏನು ಸರಿಯಿಲ್ಲ ಅಂತ ಬಾಯಿಬಿಟ್ಟು ಹೇಳಿದರೆ ಇವನ ಗಂಟೇನು ಹೋಗುತ್ತದೆ? ಪಾದ ಜಾರದಂತೆ ತಿದ್ದಿದೆ, ಸೊಂಟ ತಿದ್ದಿದೆ, ಮಂಡಿ ತಿದ್ದಿದೆ. ಮೂರನೆಯ ಸಲವೂ ತಪ್ಪಿದರೆ ಕೆಲಸ ಬೇರೆಯವರಿಗೆ ಎಂದೂ ಹೇಳಿಬಿಟ್ಟ. ಮರುದಿನ ಸಂಜೆವರೆಗೆ ಗಡುವು. ಗದ್ದೆ ಬಯಲಿನಲ್ಲೇ ಬೆಳೆದವನಿಗೆ ಹಳ್ಳಿ ಹೆಂಗಸನ್ನು ನಡೆಸಲು ಬರುವುದಿಲ್ಲ ಅನ್ನಿಸಿಕೊಳ್ಳಬೇಕೇ? ಮೈಯೆಲ್ಲ ಉರಿಯಿತು.

ಕಿರುಗಾವಲಿನ ದೊಡ್ಡವ್ವನಿಗೆ ಫೋನು ಮಾಡಿ, ಹುಲ್ಲು ತರುವುದನ್ನು ವಿಡಿಯೋ ಮಾಡಿಕೊಳ್ಳಲು ಬರುತ್ತೇನೆ ಎಂದೆ. ಬೆಳಗಿನ ಬಸ್ಸಿಗೆ ಹೋದರೆ ರೇಷ್ಮೆ ಸೀರೆಯುಟ್ಟು, ಪೌಡರ್ ಬಳಿದುಕೊಂಡು ಜಗಲಿಯ ಮೇಲೆ ಕೂತಿದ್ದಳು.

"ಇದೇನ್ ದೊಡ್ಡವ್ವ, ಮದ್ವೆಗ್ ಒಂಟಿದ್ದೀಯಾ?"

"ಪೋಟೋ ತೆಗೀತೀನಿ ಅಂದ್ಯಲ್ಲ ಕಣ್ಲಾ. ಗದ್ದೆ ಸೀರೇಲಿ ನಿಂತ್ಕಳನಾ?"

ಸೀರೆ ಬದಲಾಯಿಸಲು ಒಪ್ಪಿಸುವಷ್ಟರಲ್ಲಿ ಒಂದು ಗಂಟೆ ಹೋಯಿತು. ಗದ್ದೆಯಲ್ಲಿ ಹುಲ್ಲು ಕೊಯ್ದು, ಹೊರೆ ಕಟ್ಟಿ, ತಲೆಗೆ ಬಟ್ಟೆಯ ಸಿಂಬಿ ಇಟ್ಟುಕೊಂಡಳು. ನಾನು ಎದುರು ಬದುವಿನಲ್ಲಿ ಫೋನು ಹಿಡಿದು "ಊಂ, ಎತ್ತು" ಎಂದೆ. ಅವಳು ನನ್ನನ್ನೇ ನೋಡುತ್ತಾ ನಿಂತಳು.

"ನನ್ನ ನೋಡ್ಬ್ಯಾಡ, ನಾನಿಲ್ಲ ಅಂದ್ಕೊ!"

ಕದಲಲಿಲ್ಲ. ಮೂರು ಸಲ ಕೂಗಿದೆ. ಬಿಸಿಲು ಏರಿತು, ನನ್ನ ತಾಳ್ಮೆ ಕೆಟ್ಟಿತು.

"ಯಾಕ್ ದೊಡ್ಡವ್ವ ಕಂಬದಂಗ್ ನಿಂತಿದ್ದೀಯಾ? ಸಂಜೆ ಒಳ್ಗೆ ಕಳಿಸ್ದಿದ್ರೆ ನನ್ ಕೆಲ್ಸ ಓಯ್ತದೆ!"

"ನೀನ್ ಬಂದು ಕೈ ಆಕ್ಲಿ ಅಂತ ಕಾಯ್ತಾ ಇವ್ನಿ ಕಣ್ಲಾ! ಇಷ್ಟು ದಪ್ಪ ಒರೆಯ ಒಬ್ಳೇ ಎತ್ತಾಕಾಯ್ತದಾ? ಯಾರಾದ್ರೂ ಎತ್ತಿದ್ದ ಕಂಡಿದ್ದೀಯಾ?"

ಕಂಡಿರಲಿಲ್ಲ. ಹೊರೆ ಕಟ್ಟಿದವರು ಅದರ ಪಕ್ಕದಲ್ಲೇ ನಿಂತಿರುತ್ತಿದ್ದರು. ದಾರಿಯಲ್ಲಿ ಬಂದವರು ಯಾರೇ ಆಗಲಿ, ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಹೊರೆ ಎತ್ತಿಸಿಯೇ ಮುಂದೆ ಹೋಗುತ್ತಿದ್ದರು. ಕೇಳಬೇಕಾಗಿಯೂ ಇರಲಿಲ್ಲ. ವಾರವಿಡೀ ಸೊಂಟ, ಮಂಡಿ ತಿದ್ದಿದ ನನಗೆ ಇದೊಂದು ನೆನಪಾಗಲಿಲ್ಲ. ನಾಚಿಕೆಯಾಯಿತು.

ಫೋನನ್ನು ಕಲ್ಲಿಗೆ ಒರಗಿಸಿ ಓಡಿದೆ. ಇಬ್ಬರೂ ಬಗ್ಗಿದೆವು. ಮೇಲೆತ್ತುವಾಗ ಭಾರವೆಲ್ಲ ನನ್ನ ತೋಳಿಗೆ ಬಂತು, ಆಮೇಲೆ ಅವಳ ಕತ್ತಿಗೆ ಇಳಿಯಿತು. ಅವಳು ಒಂದು ಹೆಜ್ಜೆ ಪಕ್ಕಕ್ಕೆ ವಾಲಿ, ಸರಿಯಾಗಿ, ನಡೆದೇಬಿಟ್ಟಳು.

ಮನೆಗೆ ಬಂದು ದೃಶ್ಯದಲ್ಲಿ ಇನ್ನೊಬ್ಬನನ್ನು ತಂದು ನಿಲ್ಲಿಸಿದೆ. ಬದುವಿನ ಮೇಲೆ ಬರುತ್ತಾನೆ, ಹೊರೆಗೆ ಕೈ ಹಾಕುತ್ತಾನೆ. ಹೆಂಗಸಿನ ಸೊಂಟ, ಮಂಡಿ ಮುಟ್ಟಲೇ ಇಲ್ಲ. ಸಂಜೆಗೆ ಕಳಿಸಿದೆ. ಕತ್ತಲಾಗುವ ಮೊದಲೇ ಮೇಲ್ವಿಚಾರಕನ ಉತ್ತರ ಬಂತು: "ಈಗ ಸರಿಯಾಯ್ತು."

ಮುಂದಿನ ಭಾನುವಾರ ದೊಡ್ಡವ್ವನಿಗೆ ತೋರಿಸಿದೆ. ಫೋನನ್ನು ಕಣ್ಣಿನ ಹತ್ತಿರ ಹಿಡಿದು ಎರಡು ಸಲ ನೋಡಿದಳು.

"ಒರೆ ಎತ್ತುಸ್ತಾವ್ನಲ್ಲ, ಇವ್ನ್ ಯಾರ್ಲಾ?"

"ನಾನೇ ಕಣ್ ದೊಡ್ಡವ್ವ."

"ಸುಳ್ಳು. ನೀನಾಗಿದ್ರೆ ಇಷ್ಟು ಬ್ಯಾಗ ಬತ್ತಿರ್ಲಿಲ್ಲ ಬುಡು."